ಆ ಸಾಲು ಬಂದಾಗ ಬಾಯಿ ಕಟ್ಟುತ್ತದೆ

ಪ್ರಶ್ನೆ: ಪಾಸ್ಟರ್ ಅವರಿಗೆ ವಂದನೆಗಳು. ನನಗೆ 48 ವರ್ಷ. ಒಬ್ಬನೇ ತಮ್ಮ. ಅಪ್ಪ ತೀರಿಕೊಂಡ ಮೇಲೆ, ಮನೆಯ ಖಾತೆ ಬದಲಾಯಿಸಬೇಕು ಅಂತ ಹೇಳಿ ನನ್ನನ್ನೂ ಅಮ್ಮನನ್ನೂ ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಕರೆದುಕೊಂಡು ಹೋಗಿ ಸಹಿ ಹಾಕಿಸಿಕೊಂಡ. ನಾವು ಓದಲಿಲ್ಲ. ಅದು ಹಕ್ಕು ಬಿಡುಗಡೆ ಪತ್ರ ಅಂತ ಗೊತ್ತಾಗಿದ್ದು ಎರಡು ವರ್ಷದ ಹಿಂದೆ, ಅಮ್ಮ ಹೋದ ಮೇಲೆ, ಅವನು ಆ ಮನೆ ತೋರಿಸಿ ಬ್ಯಾಂಕಿನಲ್ಲಿ ಸಾಲ ಎತ್ತಿದಾಗ. ಅಮ್ಮನನ್ನು ಕೊನೆಯ ನಾಲ್ಕು ವರ್ಷ ನೋಡಿಕೊಂಡವಳು ನಾನು. ಈಗ ಇಬ್ಬರೂ ಒಂದೇ ಚರ್ಚಿನ ಸಭೆಗೆ ಹೋಗುತ್ತೇವೆ. ಅವನು ಕಮಿಟಿಯಲ್ಲಿದ್ದಾನೆ, ಭಾನುವಾರ ವಾಕ್ಯ ಓದುತ್ತಾನೆ. ಆರಾಧನೆಯ ನಡುವೆ ಒಬ್ಬರಿಗೊಬ್ಬರು ಸಮಾಧಾನದ ಕೈ ಕೊಡುವ ಹೊತ್ತಿಗೆ ಅವನು ನಮ್ಮ ಬೆಂಚಿನ ಕಡೆ ಬಂದರೆ ನನ್ನ ಕೈ ನಡುಗುತ್ತದೆ. ಕರ್ತನ ಪ್ರಾರ್ಥನೆಯಲ್ಲಿ ಕ್ಷಮೆಯ ಸಾಲು ಬಂದಾಗ ಬಾಯಿ ಮುಚ್ಚಿಕೊಳ್ಳುತ್ತೇನೆ. ದೇವರು ನನ್ನನ್ನು ಕ್ಷಮಿಸುವುದಿಲ್ಲವೇ? ಎಷ್ಟೋ ಸಲ ಕ್ಷಮಿಸಿದ್ದೇನೆ ಅಂತ ಪ್ರಾರ್ಥಿಸಿದರೂ ಸಿಟ್ಟು ಯಾಕೆ ವಾಪಸ್ ಬರುತ್ತದೆ? ಕೇಸು ಹಾಕುವುದಾದರೆ ಕರ್ತನ ಭೋಜನಕ್ಕೆ (ಆರಾಧನೆಯಲ್ಲಿ ಹಂಚುವ ರೊಟ್ಟಿ, ದ್ರಾಕ್ಷಾರಸಕ್ಕೆ) ಕೈ ಚಾಚಬೇಡ ಅಂತ ನಮ್ಮತ್ತೆ ಹೇಳುತ್ತಾರೆ. ಏನು ಮಾಡಲಿ?

ಉತ್ತರ: ಸಹೋದರಿ, ನಿಮ್ಮ ಕೊನೆಯ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳುತ್ತೇನೆ. ಯಾಕೆಂದರೆ ಉಳಿದ ಎರಡಕ್ಕೆ ಇಲ್ಲದ ಗಡುವು ಅದಕ್ಕಿದೆ.

ನಾನು ವಕೀಲನಲ್ಲ. ಆದರೆ ಮೂವತ್ತು ವರ್ಷ ಸಭೆ ನೋಡಿಕೊಂಡವನಿಗೆ ಆಸ್ತಿ ಜಗಳ ಹೊಸದೇನಲ್ಲ, ಹಾಗಾಗಿ ಒಂದಿಷ್ಟು ಕಾನೂನು ಕಿವಿಗೆ ಬಿದ್ದಿದೆ. ಮೋಸದಿಂದ ಬರೆಸಿಕೊಂಡ ಪತ್ರವನ್ನು ರದ್ದು ಮಾಡಿಸಬೇಕಾದರೆ, ವಿಷಯ ಗೊತ್ತಾದ ದಿನದಿಂದ ಮೂರು ವರ್ಷದೊಳಗೆ ಕೋರ್ಟಿಗೆ ಹೋಗಬೇಕು. 1963ರ ಕಾಲಮಿತಿ ಕಾಯ್ದೆ ಹೇಳುವುದು ಅದನ್ನೇ. ನಿಮಗೆ ಗೊತ್ತಾಗಿ ಆಗಲೇ ಎರಡು ವರ್ಷ. ಮನಸ್ಸು ತಿಳಿಯಾಗಲಿ, ಆಮೇಲೆ ನೋಡೋಣ ಅಂತ ಕೂತರೆ ಬಾಗಿಲು ಮುಚ್ಚಿಹೋಗುತ್ತದೆ. ಇನ್ನೊಂದು ಮಾತು. ವಿಲ್ ಬರೆಯದೆ ಅಪ್ಪ ತೀರಿಕೊಂಡರೆ, 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ನಮ್ಮ ಕ್ರೈಸ್ತ ಕುಟುಂಬಗಳಲ್ಲಿ ಹೆಂಡತಿಗೆ ಮೂರರಲ್ಲೊಂದು ಪಾಲು, ಉಳಿದದ್ದು ಮಕ್ಕಳಿಗೆ ಸಮಸಮ. ಗಂಡುಮಗ, ಹೆಣ್ಣುಮಗಳು ಅನ್ನುವ ಭೇದ ಅಲ್ಲಿಲ್ಲ. 'ಹೆಣ್ಣಿಗೆ ಮದುವೆಯಲ್ಲೇ ಕೊಟ್ಟಾಯಿತಲ್ಲ' ಅನ್ನುವುದು ಜಗಲಿಯ ಮಾತು, ಕಾನೂನಿನದ್ದಲ್ಲ. ಈ ವಾರವೇ ಒಬ್ಬ ವಕೀಲರನ್ನು ನೋಡಿ. ಹೋಗುವಾಗ ಆ ಪತ್ರದ ದೃಢೀಕೃತ ನಕಲು ಇಟ್ಟುಕೊಂಡು ಹೋಗಿ.

ವಕೀಲರನ್ನು ನೋಡುವುದು ಅಂದರೆ ಕೇಸು ಹಾಕಿಬಿಟ್ಟಂತೆ ಅಲ್ಲ. ನಿಮ್ಮತ್ತೆ ಹೇಳುವ ಮಾತಿಗೂ ಆಧಾರ ಇಲ್ಲದೆ ಇಲ್ಲ. ಬೈಬಲಿನ 1 ಕೊರಿಂಥ 6ನೇ ಅಧ್ಯಾಯದಲ್ಲಿ ಅಪೊಸ್ತಲ ಪೌಲ, ಸಹೋದರ ಸಹೋದರರು ಕೋರ್ಟಿಗೆ ಹೋಗುತ್ತೀರಲ್ಲ, ಅದಕ್ಕಿಂತ ಅನ್ಯಾಯ ಸಹಿಸಬಾರದೇ ಅಂತ ಕೇಳುತ್ತಾನೆ. ಅದು ಅಲ್ಲಿದೆ, ನಾನು ಅಳಿಸಲಾರೆ. ಆದರೆ ಅದೇ ಪುಟದಲ್ಲಿ ಇನ್ನೆರಡು ಮಾತಿವೆ. ಇಬ್ಬರು ಸಹೋದರರ ನಡುವೆ ತೀರ್ಪು ಹೇಳಬಲ್ಲ ಒಬ್ಬ ಬುದ್ಧಿವಂತನೂ ನಿಮ್ಮಲ್ಲಿ ಇಲ್ಲವೇ ಅಂತ ಸಭೆಗೇ ಬೈಯುತ್ತಾನೆ. ಆಮೇಲೆ, ನೀವು ಸಹೋದರರಿಗೇ ಮೋಸ ಮಾಡುತ್ತೀರಲ್ಲ ಅಂತ ಮೋಸ ಮಾಡಿದವರಿಗೆ ಬೈಯುತ್ತಾನೆ. ಮೊದಲ ಮಾತು ನಿಮಗೆ ನೂರು ಸಲ ಕೇಳಿಸಿರಬೇಕು. ಉಳಿದೆರಡನ್ನು ನಿಮ್ಮ ತಮ್ಮನಿಗೆ, ಆ ಕಮಿಟಿಗೆ ಯಾರಾದರೂ ಓದಿ ಹೇಳಿದ್ದಾರಾ? ನಿಮ್ಮ ಪಾಸ್ಟರಿಗೆ, ಹಿರಿಯರಿಗೆ ಬರೆದು ಕೊಡಿ. ನಮ್ಮಿಬ್ಬರನ್ನೂ ಕೂರಿಸಿ ಕೇಳಿ ಅನ್ನಿ. ತಮ್ಮ ಕಮಿಟಿಯಲ್ಲಿ ಇರುವುದರಿಂದ ಹೊರಗಿನ ಇಬ್ಬರು ಇರಲಿ ಅನ್ನಿ. ಇಂತಿಷ್ಟು ದಿನ ಅಂತ ಗಡುವೂ ಹಾಕಿ. ಸಭೆ ಕೂತು ನ್ಯಾಯ ಹೇಳಿದರೆ ಒಳ್ಳೆಯದು. ಸಭೆ ತನ್ನ ಕೆಲಸ ಮಾಡದೆ, ನಿನ್ನ ಕೆಲಸ ನೀನು ಮಾಡು, ಕ್ಷಮಿಸು ಅಂತ ಮಾತ್ರ ಹೇಳಿದರೆ, ಆಗ ನೀವು ಕೋರ್ಟಿಗೆ ಹೋಗುವುದು ಪಾಪ ಅಂತ ನಾನಂತೂ ಹೇಳುವುದಿಲ್ಲ.

ಬೈಬಲಿನಲ್ಲಿ ಪಾಲು ಕೇಳಿದ ಹೆಣ್ಣುಮಕ್ಕಳೂ ಇದ್ದಾರೆ. ಅರಣ್ಯಕಾಂಡ 27ನೇ ಅಧ್ಯಾಯ ತೆಗೆದು ನೋಡಿ. ಐವರು ಅಕ್ಕತಂಗಿಯರು ಇಡೀ ಜನರ ಎದುರು ಬಂದು ಮೋಶೆಯ ಮುಂದೆ ನಿಂತು, ನಮ್ಮಪ್ಪನ ಪಾಲು ನಮಗೆ ಕೊಡಿ ಅನ್ನುತ್ತಾರೆ. ಮೋಶೆಗೆ ಉತ್ತರ ಹೊಳೆಯುವುದಿಲ್ಲ, ದೇವರನ್ನು ಕೇಳುತ್ತಾನೆ. ದೇವರ ಉತ್ತರ: ಅವರು ಹೇಳುವುದು ನ್ಯಾಯವೇ, ಕೊಡು. ಸ್ವಲ್ಪ ತಾಳ್ಮೆ ಇರಲಿ ಮಕ್ಕಳೇ ಅಂತ ಅವರಿಗೆ ಉಪದೇಶ ಸಿಗಲಿಲ್ಲ. ಅವರಿಗೆ ಅಣ್ಣತಮ್ಮಂದಿರು ಇರಲಿಲ್ಲ, ನಿಮಗೆ ಇದ್ದಾನೆ. ಆ ವ್ಯತ್ಯಾಸ ಇದೆ. ಆದರೆ ಹಕ್ಕು ಕೇಳುವುದೇ ಭಕ್ತಿಗೆ ವಿರುದ್ಧ ಅನ್ನುವ ಮಾತು ಅದರ ಮುಂದೆ ನಿಲ್ಲುವುದಿಲ್ಲ.

ಕೇಸು ಹಾಕಿದರೆ ಕ್ಷಮಿಸಿಲ್ಲ ಅಂತ ಅರ್ಥವೇ? ಗ್ಲ್ಯಾಡಿಸ್ ಸ್ಟೇನ್ಸ್ ಹೆಸರು ನೀವು ಕೇಳಿರುತ್ತೀರಿ. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಅವರ ಗಂಡ ಗ್ರಹಾಂ, ಮಕ್ಕಳಾದ 10 ವರ್ಷದ ಫಿಲಿಪ್, 6 ವರ್ಷದ ತಿಮೊಥಿ, ಮೂವರನ್ನೂ ಜೀಪಿನಲ್ಲಿ ಮಲಗಿದ್ದಾಗ ಸುಟ್ಟು ಕೊಂದರು. ಕ್ಷಮಿಸಿದ್ದೇನೆ ಅಂತ ಆಕೆ ಬಹಿರಂಗವಾಗಿ ಹೇಳಿದರು. ಆ ಕುಟುಂಬ ನೆಲೆಸಿದ್ದ ಬಾರಿಪದಾದಲ್ಲೇ ಉಳಿದು ಕುಷ್ಠರೋಗಿಗಳ ಸೇವೆ ಮುಂದುವರಿಸಿದರು. ಆದರೆ ಕೋರ್ಟು ತನ್ನ ಪಾಡಿಗೆ ನಡೆಯಿತು. ಮುಖ್ಯ ಆರೋಪಿ ದಾರಾ ಸಿಂಗ್‌ಗೆ 2003ರಲ್ಲಿ ಮರಣದಂಡನೆ ಆಯಿತು, 2005ರಲ್ಲಿ ಹೈಕೋರ್ಟ್ ಅದನ್ನು ಜೀವಾವಧಿಗೆ ಇಳಿಸಿತು, 2011ರಲ್ಲಿ ಸುಪ್ರೀಂ ಕೋರ್ಟ್ ಜೀವಾವಧಿಯನ್ನು ಎತ್ತಿಹಿಡಿಯಿತು. ಆಕೆಯ ಕ್ಷಮೆ ಒಂದು ಕಡೆ, ಕಾನೂನು ಇನ್ನೊಂದು ಕಡೆ. ಒಂದು ಇನ್ನೊಂದನ್ನು ಸುಳ್ಳು ಮಾಡಲಿಲ್ಲ. (ನಮ್ಮ ಪ್ರಸಂಗಿಗಳು ಆಕೆಯ ಹೆಸರನ್ನು ಬಳಸುವ ರೀತಿ ನನಗೆ ಹಿಡಿಸುವುದಿಲ್ಲ. 'ಆಕೆಯೇ ಕ್ಷಮಿಸಿದಳು, ನಿನ್ನದೇನು ಮಹಾ' ಅನ್ನುತ್ತಾರೆ. ಒಬ್ಬರ ಗಾಯವನ್ನು ಇನ್ನೊಬ್ಬರ ಬಾಯಿ ಮುಚ್ಚಿಸಲು ಬಳಸಬಾರದು.)

ಈಗ ಆ ಸಾಲಿಗೆ ಬರೋಣ. 'ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ ನಮ್ಮ ತಪ್ಪುಗಳನ್ನು ಕ್ಷಮಿಸು.' ನಾವು ಇಲ್ಲಿ ತಪ್ಪು ಅನ್ನುತ್ತೇವೆ. ಮತ್ತಾಯ ಬರೆದ ಗ್ರೀಕ್ ಪದದ ನೇರ ಅರ್ಥ ಸಾಲ. ಕ್ಷಮಿಸು ಅನ್ನುವುದಕ್ಕೆ ಅಲ್ಲಿರುವ ಪದದ ಅರ್ಥ ಬಿಟ್ಟುಬಿಡು, ಕೈಯಿಂದ ಬಿಡು. ಅಂದರೆ ಇದು ಅಂಗಡಿಯ ಲೆಕ್ಕದ ಪುಸ್ತಕದ ಮಾತು. 'ನಮಗೆ ಕೊಡಬೇಕಾದವರ ಸಾಲವನ್ನು ನಾವು ಬಿಟ್ಟಂತೆ ನಮ್ಮ ಸಾಲವನ್ನೂ ಬಿಡು.' ಇದು ತಿಳಿದ ದಿನ ನನಗೆ ಒಂದು ರೀತಿ ಹಗುರಾಯಿತು. ಯಾಕೆಂದರೆ ಸಾಲ ಬಿಡಬೇಕಾದರೆ ಮೊದಲು ಅದು ಸಾಲ ಅಂತ ಒಪ್ಪಬೇಕು. ಎಷ್ಟು ಅಂತ ಗೊತ್ತಿರಬೇಕು.

ಯೇಸು ಹೇಳಿದ ಸಾಮತಿ ಕಥೆಯೂ ಹಾಗೇ ಶುರುವಾಗುತ್ತದೆ, ಮತ್ತಾಯ 18ರಲ್ಲಿ. ಅರಸ ಮೊದಲು ಲೆಕ್ಕ ತೆಗೆಯುತ್ತಾನೆ. ಆಳು ಕೊಡಬೇಕಾಗಿದ್ದದ್ದು ಹತ್ತು ಸಾವಿರ ತಲಾಂತು. ಒಂದು ತಲಾಂತು ಅಂದರೆ ಸುಮಾರು ಆರು ಸಾವಿರ ದಿನದ ಕೂಲಿ. ಒಟ್ಟು ಆರು ಕೋಟಿ ದಿನದ ಕೂಲಿ! ಕೂಲಿಯವನು ವರ್ಷಕ್ಕೆ ಮುನ್ನೂರು ದಿನ ದುಡಿದರೂ ಎರಡು ಲಕ್ಷ ವರ್ಷ ಬೇಕು. ಕೇಳಿದ ಜನ ನಕ್ಕಿರಬೇಕು. ಅದನ್ನು ಅರಸ ಬಿಟ್ಟುಬಿಟ್ಟ. ಹೊರಗೆ ಬಂದ ಆಳು, ತನಗೆ ನೂರು ದಿನದ ಕೂಲಿ ಕೊಡಬೇಕಾದವನ ಕುತ್ತಿಗೆ ಹಿಡಿದ. ಇಲ್ಲಿ ನಾವು ಪ್ರಸಂಗದಲ್ಲಿ ಒಂದು ತಪ್ಪು ಮಾಡುತ್ತೇವೆ. ನೂರು ದಿನದ ಕೂಲಿಯನ್ನು 'ಪುಡಿಗಾಸು' ಅಂದುಬಿಡುತ್ತೇವೆ. ಮೂರು ತಿಂಗಳ ದುಡಿಮೆ ಪುಡಿಗಾಸಾ? ಕೂಲಿ ಮಾಡುವವರನ್ನು ಕೇಳಿ. ನಿಮಗೆ ಆದ ನಷ್ಟ ಚಿಕ್ಕದು ಅಂತ ಯೇಸು ಹೇಳುತ್ತಿಲ್ಲ. ದೊಡ್ಡದೇ. ಆದರೆ ನಾವೆಲ್ಲ ಅದಕ್ಕಿಂತ ಲೆಕ್ಕವಿಲ್ಲದಷ್ಟು ಬಿಡಿಸಿಕೊಂಡು ಬಂದವರು ಅನ್ನುತ್ತಿದ್ದಾರೆ.

ನಿಮಗೆ ಒಂದು ಕೆಲಸ ಹೇಳುತ್ತೇನೆ. ಒಂದು ನೋಟ್‌ಬುಕ್ ತೆಗೆದುಕೊಂಡು ತಮ್ಮ ನಿಮಗೆ ಏನೇನು ಕೊಡಬೇಕು ಅಂತ ಬರೆಯಿರಿ. ಮನೆಯ ಪಾಲು ಬರೆಯಿರಿ. ಅಮ್ಮನ ಆಸ್ಪತ್ರೆ ಖರ್ಚಿನಲ್ಲಿ ಅವನ ಭಾಗ ಬರೆಯಿರಿ. ಆಮೇಲೆ ದುಡ್ಡಿಗೆ ಸಿಗದ್ದನ್ನು ಬರೆಯಿರಿ. ರಾತ್ರಿ ಅಮ್ಮನಿಗೆ ಮಗ್ಗುಲು ತಿರುಗಿಸಲು ನೀವೊಬ್ಬರೇ ಎದ್ದ ರಾತ್ರಿಗಳು. ಮಗ ಬಂದನಾ ಅಂತ ಅಮ್ಮ ಕೇಳಿದಾಗ ನೀವು ಹೇಳಿದ ಸುಳ್ಳುಗಳು. ಆಫೀಸಿನಲ್ಲಿ ಪತ್ರ ಓದದೆ ಸಹಿ ಹಾಕಿದ್ದು ತಮ್ಮನ ಮೇಲಿನ ನಂಬಿಕೆಯಿಂದ, ಆ ನಂಬಿಕೆ. ಹೀಗೆ ಬರೆಸಿದಾಗ ಹೆಚ್ಚಿನವರಿಗೆ ಒಂದು ಕಾಣುತ್ತದೆ. ಮನೆಯ ಪಾಲು ಒಂದೇ ಸಾಲಿನಲ್ಲಿ ಮುಗಿಯುತ್ತದೆ. ಅದನ್ನು ಹಿರಿಯರೋ ಕೋರ್ಟೋ ನೋಡಿಕೊಳ್ಳಬಹುದು. ಪುಟ ತುಂಬುವುದು ಉಳಿದವುಗಳಿಂದ. ಅವನ್ನು ಯಾವ ಕೋರ್ಟೂ ಕೊಡಿಸಲಾರದು. ತಮ್ಮ ನಾಳೆ ಬೆಳಗ್ಗೆ ಕಾಲಿಗೆ ಬಿದ್ದರೂ ಅವನ ಹತ್ತಿರ ಕೊಡಲು ಅವು ಇಲ್ಲ. ಬಿಡಬೇಕಾದದ್ದು ಆ ಸಾಲ. ಒಂದೊಂದನ್ನೇ ಓದಿ, ಕರ್ತನೇ ಇದನ್ನು ಅವನಿಂದ ವಸೂಲಿ ಮಾಡುವ ಕೆಲಸ ನನಗೆ ಬೇಡ, ನೀನು ನೋಡಿಕೋ ಅನ್ನಿ. ಇವತ್ತು ಹೇಳಲು ಆಗದ್ದನ್ನು ಬಿಟ್ಟು ಮುಂದಿನದಕ್ಕೆ ಹೋಗಿ. ಅದರ ಸರದಿ ಇನ್ನೊಂದು ದಿನ ಬರುತ್ತದೆ.

ಬರೆಯುವಾಗ ಬೈಗುಳ ಬಂದರೆ ಬರಲಿ. ಕೀರ್ತನೆ 109 ಓದಿದ್ದೀರಾ? ಶತ್ರುವಿನ ಮಕ್ಕಳು ತಬ್ಬಲಿಗಳಾಗಲಿ ಅಂತ ಅಲ್ಲಿ ಪ್ರಾರ್ಥನೆ ಇದೆ. ನಮ್ಮ ಹಳ್ಳಿಯಲ್ಲಿ ಮಣ್ಣು ತೂರಿ ಶಾಪ ಹಾಕುತ್ತಿದ್ದವರ ಮಾತಿಗೂ ಅದಕ್ಕೂ ಜಾಸ್ತಿ ವ್ಯತ್ಯಾಸ ಇಲ್ಲ. ಆದರೆ ಆ ಮಾತು ಹೋಗಿದ್ದು ಶತ್ರುವಿನ ಮನೆ ಬಾಗಿಲಿಗಲ್ಲ, ದೇವರ ಹತ್ತಿರ. ಅಲ್ಲೇ ಇಳಿಸಿ.

ಮತ್ತೆ ಮತ್ತೆ ಸಿಟ್ಟು ಬರುವ ಬಗ್ಗೆ. ಇದರಲ್ಲಿ ನೀವು ಒಬ್ಬರೇ ಅಲ್ಲ. ಯೋಸೇಫನನ್ನು ನೋಡಿ. ಅಣ್ಣಂದಿರು ಮಾರಿದಾಗ ಅವನು ಹದಿನೇಳರ ಹುಡುಗ. ಮೂವತ್ತಕ್ಕೆ ಐಗುಪ್ತದ ಅಧಿಕಾರಿ. ಮೊದಲ ಮಗನಿಗೆ ಮನಸ್ಸೆ ಅಂತ ಹೆಸರಿಟ್ಟ. ಕನ್ನಡದ ಕಿವಿಗೆ ಮನಸ್ಸು ಅಂದಂತೆ ಕೇಳುತ್ತದೆ, ಇಬ್ರಿಯದಲ್ಲಿ ಅದಕ್ಕೆ ಮರೆವಿನ ಅರ್ಥ. ನನ್ನ ಕಷ್ಟವನ್ನೂ ತಂದೆಯ ಮನೆಯನ್ನೂ ದೇವರು ಮರೆಯಿಸಿದ ಅಂದ. ದಿನಾ ಮಗನನ್ನು ಕೂಗುವಾಗಲೂ 'ಮರೆತೆ, ಮರೆತೆ' ಅಂದಂತೆ. ಒಂದು ದಿನ ಅಣ್ಣಂದಿರು ದವಸ ಕೇಳಿಕೊಂಡು ಎದುರು ಬಂದು ನಿಂತರು ನೋಡಿ, ಎಲ್ಲ ಒಂದೇ ಏಟಿಗೆ ವಾಪಸ್ ಬಂತು. ಗದರಿದ. ಗೂಢಚಾರರು ಅಂದ. ಮೂರು ದಿನ ಕಾವಲಲ್ಲಿ ಇಟ್ಟ. ಸಿಮೆಯೋನನನ್ನು ಕಟ್ಟಿಹಾಕಿಸಿದ. ಆಚೆ ಹೋಗಿ ಅತ್ತ, ಮುಖ ತೊಳೆದುಕೊಂಡು ಬಂದ, ಮತ್ತೆ ಪರೀಕ್ಷೆ ಮಾಡಿದ. ತಮ್ಮ ಬೆನ್ಯಾಮೀನನ ಚೀಲದಲ್ಲಿ ಬೆಳ್ಳಿ ಪಾತ್ರೆ ಇಡಿಸಿದ್ದು ಯಾಕೆ? ಅಂದು ನನ್ನನ್ನು ಬಿಟ್ಟುಹೋದವರು ಇಂದು ಇವನನ್ನೂ ಬಿಟ್ಟುಹೋಗುತ್ತಾರಾ ಅಂತ ನೋಡಲು ಅಂತ ನಾನು ಓದುತ್ತೇನೆ. ಅವರು ಬಿಟ್ಟುಹೋಗಲಿಲ್ಲ. ಆಮೇಲೇ ಅವನು, ನಾನು ಯೋಸೇಫ ಅಂದದ್ದು. ಮಾರಿದ ದಿನದಿಂದ ಲೆಕ್ಕ ಹಾಕಿದರೆ ಸುಮಾರು 22 ವರ್ಷ. ಇಷ್ಟಾದರೂ, ಮತ್ತೆ 17 ವರ್ಷದ ಮೇಲೆ ಅಪ್ಪ ಸತ್ತಾಗ ಅಣ್ಣಂದಿರಿಗೆ ಹೆದರಿಕೆ: ಈಗ ಇವನು ಮುಯ್ಯಿ ತೀರಿಸಿಕೊಳ್ಳುತ್ತಾನೇನೋ! ಆಗಲೂ ಯೋಸೇಫ, ನೀವು ಕೆಟ್ಟದ್ದೇನೂ ಮಾಡಲಿಲ್ಲ ಅನ್ನಲಿಲ್ಲ. ನೀವು ನನಗೆ ಕೇಡನ್ನೇ ಬಗೆದಿರಿ ಅಂದ. ಮಾಡಿದ್ದನ್ನು ಅದರ ಹೆಸರಿಂದಲೇ ಕರೆದ, ಆಮೇಲೆ ಅವರ ಮಕ್ಕಳುಮರಿಗೆ ಅನ್ನ ಹಾಕಿದ.

ಎವೆರೆಟ್ ವರ್ದಿಂಗ್ಟನ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞರು ಇದನ್ನೇ ಬೇರೆ ಮಾತಿನಲ್ಲಿ ಹೇಳಿದ್ದಾರೆ. ಅವರೂ ಕ್ರೈಸ್ತರು. ಕ್ಷಮೆಯ ಬಗ್ಗೆಯೇ ಸಂಶೋಧನೆ ಮಾಡುತ್ತಿದ್ದಾಗ, 1995ರ ಕೊನೆಯ ರಾತ್ರಿ ಕಳ್ಳತನಕ್ಕೆ ನುಗ್ಗಿದವರು ಅವರ ತಾಯಿಯನ್ನು ಕೊಂದರು. ಪಾಠ ಹೇಳುತ್ತಿದ್ದ ಮನುಷ್ಯನಿಗೇ ಪರೀಕ್ಷೆ ಬಂತು. ಅವರು ಎರಡನ್ನು ಬೇರೆ ಮಾಡುತ್ತಾರೆ. ಮುಯ್ಯಿ ತೀರಿಸುವುದಿಲ್ಲ ಅಂತ ಗಟ್ಟಿ ಮಾಡಿಕೊಳ್ಳುವುದು ಒಂದು, ಎದೆಯೊಳಗಿನ ಕಹಿ ಇಳಿಯುವುದು ಇನ್ನೊಂದು. ಮೊದಲನೆಯದನ್ನು ಒಂದು ದಿನದಲ್ಲಿ ಮಾಡಬಹುದು. ಎರಡನೆಯದು ತನ್ನ ಹೊತ್ತು ತೆಗೆದುಕೊಳ್ಳುತ್ತದೆ. ನೀವು ಮೊದಲನೆಯದನ್ನು ಮಾಡಿ, ಎರಡನೆಯದು ಬರಲಿಲ್ಲ ಅಂತ ಮೊದಲನೆಯದೇ ಸುಳ್ಳು ಅಂದುಕೊಂಡಿದ್ದೀರಿ ಅಂತ ನನಗನ್ನಿಸುತ್ತದೆ.

ನನ್ನದೂ ಒಂದು ಹೇಳಿಬಿಡುತ್ತೇನೆ. ಹಿಂದೆ ನಾನಿದ್ದ ಒಂದು ಸಭೆಯಲ್ಲಿ ಹಿರಿಯರೊಬ್ಬರು ನನ್ನ ಮೇಲೆ ಮೂಗರ್ಜಿ ಬರೆದಿದ್ದರು, ಕಾಣಿಕೆ ದುಡ್ಡಿನ ಬಗ್ಗೆ. ವಿಚಾರಣೆ ಆಯಿತು, ಏನೂ ಸಿಗಲಿಲ್ಲ. ಆದರೆ ನನ್ನ ಹೆಂಡತಿ ಆರು ತಿಂಗಳು ಮಹಿಳಾ ಕೂಟಕ್ಕೆ ಹೋಗಲಿಲ್ಲ. ನಾನು ಅವರ ಮನೆ ಬೀದಿ ತಪ್ಪಿಸಿ ಸ್ಕೂಟರ್ ಓಡಿಸುತ್ತಿದ್ದೆ. ಆ ವರ್ಷಗಳಲ್ಲಿ ಕ್ಷಮೆಯ ಮೇಲೆ ಎಷ್ಟು ಪ್ರಸಂಗ ಮಾಡಿದೆನೋ! ಒಂದು ಸಂಜೆ ಮೆಡಿಕಲ್ ಶಾಪಿನಲ್ಲಿ ಅವರು ಪಕ್ಕದಲ್ಲೇ ನಿಂತಿದ್ದರು. ಕನ್ನಡಕ ತಂದಿರಲಿಲ್ಲ. ಮಾತ್ರೆ ಪಟ್ಟಿ ನನ್ನ ಕೈಗೆ ಕೊಟ್ಟು, ಊಟಕ್ಕೆ ಮುಂಚೆಯೋ ಆಮೇಲೋ ನೋಡಿ ಅಂದರು. ಓದಿ ಹೇಳಿದೆ. ಮನೆ ತಲುಪಿದ ಮೇಲೆ ನೆನಪಾಯಿತು, ಆ ಮನುಷ್ಯನ ಮೇಲೆ ಸಿಟ್ಟು ಮಾಡಿಕೊಳ್ಳುವುದನ್ನೇ ಮರೆತಿದ್ದೆ ಅಂತ. ಆಹಾ, ಮುಗಿಯಿತು ಅಂದುಕೊಂಡೆ. ಮರುದಿನ ಹಲ್ಲುಜ್ಜುವಾಗ ಮತ್ತೆ ಬಂತು. ಆದರೆ ಅಷ್ಟು ಹೊತ್ತು ನಿಲ್ಲಲಿಲ್ಲ.

ಈಗ ನಿಮ್ಮ ಮೊದಲ ಪ್ರಶ್ನೆ. ಕ್ಷಮಿಸದವರನ್ನು ತಂದೆಯೂ ಕ್ಷಮಿಸುವುದಿಲ್ಲ ಅಂತ ಮತ್ತಾಯ 6:15ರಲ್ಲಿ ಇದೆ. ಕಠಿಣವಾದ ಮಾತು. ಸಕ್ಕರೆ ಬೆರೆಸಿ ಕೊಡಲಾರೆ. ಆದರೆ ಕ್ಷಮಿಸೋದಿಲ್ಲ ಹೋಗು ಅನ್ನುವವಳು ನನಗೆ ಪತ್ರ ಬರೆಯುತ್ತಿರಲಿಲ್ಲ. ನೀವು ಬಾಯಿ ಮುಚ್ಚಿಕೊಳ್ಳುವುದು ದೇವರ ಮುಂದೆ ಸುಳ್ಳು ಹೇಳಬಾರದು ಅಂತ. ಆ ಸಾಲು ಎಲ್ಲಿದೆ ನೋಡಿ. 'ನಮ್ಮ ಅನುದಿನದ ಆಹಾರ' ಅನ್ನುವುದರ ಬೆನ್ನಿಗೇ ಇದೆ. ನಿನ್ನೆಯ ಊಟ ಇವತ್ತಿಗೆ ಆಗುವುದಿಲ್ಲ, ಇದೂ ಹಾಗೇ. ದಿನಾ ಬೇಕಾಗುತ್ತದೆ ಅಂತ ಗೊತ್ತಿದ್ದೇ ಯೇಸು ಅದನ್ನು ಪ್ರಾರ್ಥನೆಯಲ್ಲಿ ಇಟ್ಟದ್ದು. ಇನ್ನೊಂದು, ಅಲ್ಲಿ 'ನನಗೆ', 'ನಾನು' ಅಂತ ಇಲ್ಲ, 'ನಮಗೆ', 'ನಾವು' ಅಂತ ಇದೆ. ನಿಮ್ಮ ದನಿ ನಿಂತಾಗ ಪಕ್ಕದ ಬೆಂಚಿನವರು ಹೇಳುತ್ತಿರುತ್ತಾರೆ. ಸದ್ಯಕ್ಕೆ ಅವರು ನಿಮ್ಮ ಪರವಾಗಿ ಹೇಳಲಿ. ದಿನಕ್ಕೆ ಏಳು ಸಲ ತಪ್ಪು ಮಾಡಿ ಏಳು ಸಲ ಬಂದು ತಪ್ಪಾಯಿತು ಅಂದರೂ ಕ್ಷಮಿಸು ಅಂತ ಯೇಸು ಹೇಳಿದಾಗ, ಶಿಷ್ಯರು ಆಗಲಿ ಸ್ವಾಮಿ ಅನ್ನಲಿಲ್ಲ. 'ನಮ್ಮ ನಂಬಿಕೆಯನ್ನು ಹೆಚ್ಚಿಸು' ಅಂದರು, ಲೂಕ 17ರಲ್ಲಿ. ಜೊತೆಯಲ್ಲೇ ಓಡಾಡಿದವರಿಗೇ ಹಾಗೆ ಅನ್ನಿಸಿತ್ತು.

ತಪ್ಪಾಯಿತು ಅಂದರೆ ಅನ್ನುವ ಆ ಮಾತನ್ನೂ ಮರೆಯಬೇಡಿ. ನಿಮ್ಮ ತಮ್ಮ ಅದನ್ನು ಇನ್ನೂ ಹೇಳಿಲ್ಲ. ಮುಯ್ಯಿ ಬಿಡುವುದಕ್ಕೆ ನೀವೊಬ್ಬರೇ ಸಾಕು. ಮತ್ತೆ ಅಕ್ಕತಮ್ಮ ಆಗಲು ಇಬ್ಬರೂ ಬೇಕು. ಕಾಣಿಕೆಯನ್ನು ಬಲಿಪೀಠದ ಮುಂದೆ ಬಿಟ್ಟು ಹೋಗಿ ಸಮಾಧಾನ ಮಾಡಿಕೋ ಅನ್ನುವ ಮತ್ತಾಯ 5ರ ಮಾತನ್ನು ನಿಮಗೆ ತೋರಿಸುವವರು ಇರಬಹುದು. ಸರಿಯಾಗಿ ಓದಿ. 'ನಿನ್ನ ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ಏನಾದರೂ ಇದ್ದರೆ' ಅಂತಿದೆ. ಎದ್ದು ಹೋಗಬೇಕಾದವನು ತಪ್ಪು ಮಾಡಿದವನು. ಸುಂಕ ವಸೂಲಿ ಮಾಡುತ್ತಿದ್ದ ಜಕ್ಕಾಯ ಹಾಗೇ ಮಾಡಿದ, ಮೋಸದಿಂದ ತೆಗೆದುಕೊಂಡಿದ್ದರೆ ನಾಲ್ಕರಷ್ಟು ಕೊಡುತ್ತೇನೆ ಅಂದ. ಅಯ್ಯೋ ಅದೆಲ್ಲ ಬೇಡ ಅಂತ ಯೇಸು ಅನ್ನಲಿಲ್ಲ, ಇಂದು ಈ ಮನೆಗೆ ರಕ್ಷಣೆ ಬಂತು ಅಂದರು. ತಮ್ಮ ಕಾಗದ ತಿದ್ದಿಕೊಟ್ಟ ಮೇಲೂ ನೀವು ಅವನು ತೋರಿಸಿದ ಕಡೆ ಕಣ್ಣುಮುಚ್ಚಿ ಸಹಿ ಹಾಕಬೇಕು ಅಂತೇನಿಲ್ಲ. ಓದಿ, ವಕೀಲರಿಗೆ ತೋರಿಸಿ ಹಾಕಿ.

ಉಳಿದದ್ದು ಆ ಕೈ. ಕೋರಿ ಟೆನ್ ಬೂಮ್ ಅನ್ನುವ ಡಚ್ ಹೆಂಗಸು ಯೆಹೂದ್ಯರನ್ನು ಮನೆಯಲ್ಲಿ ಅಡಗಿಸಿಟ್ಟದ್ದಕ್ಕೆ ನಾಜಿಗಳ ರಾವೆನ್ಸ್‌ಬ್ರೂಕ್ ಶಿಬಿರ ಸೇರಿದವರು. ಅಕ್ಕ ಬೆಟ್ಸಿ ಅಲ್ಲೇ ತೀರಿಕೊಂಡರು. 1947ರಲ್ಲಿ ಮ್ಯೂನಿಕ್‌ನ ಒಂದು ಚರ್ಚಿನಲ್ಲಿ ಕ್ಷಮೆಯ ಬಗ್ಗೆ ಮಾತಾಡಿ ಮುಗಿಸಿದಾಗ, ಆ ಶಿಬಿರದ ಹಳೆಯ ಕಾವಲುಗಾರನೇ ಎದುರು ಬಂದು ಕೈ ಚಾಚಿದ. ಆಕೆಯ ಕೈ ಮೇಲೇಳಲಿಲ್ಲ. ಒಳಗೆ ಏನೂ ಇರಲಿಲ್ಲ, ಪ್ರೀತಿಯ ಚೂರೂ ಇರಲಿಲ್ಲ. ಕೈ ಎತ್ತುವುದಷ್ಟೇ ನನ್ನಿಂದಾಗುವುದು, ಉಳಿದದ್ದು ನೀನು ಕೊಡು ಅಂತ ಮನಸ್ಸಿನಲ್ಲೇ ಬೇಡಿಕೊಂಡು, ಮರದ ಕೈಯಂತೆ ಚಾಚಿದರು. ಆಮೇಲೆ ಉಳಿದದ್ದು ಬಂತು ಅಂತ ಅವರೇ ಹೇಳಿಕೊಂಡಿದ್ದಾರೆ. ಆದರೆ ಆ ಕಾವಲುಗಾರ ಕ್ಷಮಿಸುತ್ತೀರಾ ಅಂತ ಬಾಯಿಬಿಟ್ಟು ಕೇಳಿದ್ದ.

ನಮ್ಮ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಆರಾಧನೆಯಲ್ಲಿ ಸಮಾಧಾನ ಕೊಡುವುದು ಹೇಗೆ ಅಂತ ನಿಮಗೆ ಗೊತ್ತು. ಬಲ ಅಂಗೈಗೆ ಬಲ ಅಂಗೈ, ಮೇಲೆ ಎಡಗೈ ಮುಚ್ಚುವುದು. ಎರಡೂ ಕೈ ಕೊಟ್ಟಂತೆ. ಈ ಭಾನುವಾರ ಅದು ಆಗದಿದ್ದರೆ, ಇದ್ದಲ್ಲೇ ಕೈ ಮುಗಿದು ತಲೆ ಬಾಗಿಸಿ. ಅಷ್ಟು ಸಾಕು. ಬೇಕಿದ್ದರೆ ಬೇರೆ ಬೆಂಚಿನಲ್ಲಿ ಕೂರಿ, ಅದು ಪಾಪವಲ್ಲ. ಕರ್ತನ ಭೋಜನಕ್ಕೆ ಮಾತ್ರ ತಪ್ಪಿಸಬೇಡಿ. ಪರೀಕ್ಷಿಸಿಕೊಂಡು ತಿನ್ನಿರಿ ಅಂತ ಪೌಲ ಬರೆದದ್ದು, ಪರೀಕ್ಷಿಸಿಕೊಂಡು ದೂರ ಕೂರಿ ಅಂತ ಅಲ್ಲ. ಹಸಿದವಳು ನೀವು, ಹೋಗಿ ಕೈ ಚಾಚಿ. ಅತ್ತೆಯವರಿಗೆ ಬೇಕಾದರೆ ಈ ಉತ್ತರ ಓದಲು ಕೊಡಿ. ಹಿರಿಯರಿಗೆ ಕೊಡುವ ಪತ್ರದ ಒಂದು ಪ್ರತಿ ತಮ್ಮನಿಗೂ ಹೋಗಲಿ, ಅದನ್ನು ನೀವೇ ಕೊಂಡುಹೋಗಬೇಡಿ, ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ.